ಕೈ ಪ್ರೆಸ್ಸಿನ ಡೈ ಆಟೋಮ್ಯಾಟಿಕ್ ಮಷೀನಿಗೆ ಆಗುತ್ತದೆಯೇ?

“ಅಣ್ಣಾ, ಬಟನ್ ಅದೇ, ಡೈನೂ ಅದೇ ಅಲ್ವಾ? ಕೈ ಪ್ರೆಸ್‌ನದು ಬಿಚ್ಚಿ ಆಟೋಮ್ಯಾಟಿಕ್‌ಗೆ ಹಾಕಿಬಿಡ್ರಿ.” ದಸರಾ ಆರ್ಡರ್ ತಲೆಮೇಲೆ ಬಂದಾಗ ಬಳ್ಳಾರಿಯ ಕೌಲ್ ಬಜಾರಿನಿಂದ ಮುಂಡರಗಿವರೆಗೆ ಜೀನ್ಸ್ ಫಿನಿಶಿಂಗ್ ಮಾಡುವವರು ಕೇಳುವುದು ಇದನ್ನೇ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಡೈ, ಅಂದರೆ ಬಟನ್ ಒತ್ತಿ ಕೂರಿಸುವ ಅಚ್ಚನ್ನು ಬಿಚ್ಚಿ ಒಯ್ದರೂ ಅದರ ಸೆಟ್ಟಿಂಗ್ ಹಳೇ ಮಷೀನಿನಲ್ಲೇ ಉಳಿಯುತ್ತದೆ. ಮಾಲು ವಾಪಸ್ ಬರುವುದು ಬಹುಪಾಲು ಇದರಿಂದಲೇ.

ಮೊದಲು ಡೈ ಕಡೆ ನೋಡೋಣ. ಮೇಲಿನ ಡೈಯ ಬಟ್ಟಲಲ್ಲಿ ಬಟನ್ ಕೂರುತ್ತದೆ, ಕೆಳಗಿನದರಲ್ಲಿ ಮೊಳೆ. ಮೊಳೆ ಬಟ್ಟೆ ತೂರಿ ಬಟನ್ ಕಾಲಿನೊಳಗೆ ಹೊಕ್ಕು, ತುದಿ ಚಪ್ಪಟೆಯಾಗಿ ಹಿಡಿದುಕೊಳ್ಳಬೇಕು. ಕೈ ಪ್ರೆಸ್ಸಿನಲ್ಲಿ ಬಟನ್ ಇಡುವವರು ನಾವೇ, ಹಾಗಾಗಿ ಮೇಲಿನ ಡೈ ಬರೀ ಬಟ್ಟಲು. ಆಟೋಮ್ಯಾಟಿಕ್‌ನಲ್ಲಿ ಬಟನ್ ತುಂಬಿಟ್ಟ ಡಬ್ಬಿ, ಅಂದರೆ ಹಾಪರ್‌ನಿಂದ ಜಾರಿ ಬರುತ್ತದೆ. ಅದನ್ನು ಬೀಳದಂತೆ ಹಿಡಿಯಲು ಮೇಲಿನ ಡೈಗೆ ಸ್ಪ್ರಿಂಗ್ ಇರುವ ಹಿಡಿಕೆ ಬೇಕು. ಅದಿಲ್ಲದ ಬಟ್ಟಲನ್ನು ಅಲ್ಲಿಗೆ ತುರುಕಿ ಉಪಯೋಗವಿಲ್ಲ. ಕೆಳಗಿನ ಡೈ ಮಾತ್ರ ಅಳತೆಗೆ ಸರಿಯಾದ ಬುಷ್ (ಸಂದು ತುಂಬುವ ಬಳೆ) ಹಾಕಿದರೆ ಎಷ್ಟೋ ಸಲ ಎರಡೂ ಕಡೆ ಕೂರುತ್ತದೆ. ಕೂತ ಮಾತ್ರಕ್ಕೆ ಜೋಡಿ ಆಯಿತು ಅನ್ನಬೇಡಿ. ಎರಡು ಕಂಪನಿಯ 17 ಮಿ.ಮೀ. ಬಟನ್‌ಗಳ ಅಗಲ ಒಂದೇ ಇದ್ದರೂ ತಲೆಯ ಉಬ್ಬು ಬೇರೆ ಇರಬಹುದು. ಬಟ್ಟಲು ಆಳ ಕಡಿಮೆಯಾದರೆ ಲೋಗೋ ನುಗ್ಗಾಗುತ್ತದೆ, ಹೆಚ್ಚಾದರೆ ಅಂಚಿಗೆ ಗೀರು ಬೀಳುತ್ತದೆ.

ಇನ್ನು ಒತ್ತಡ. ಕೈ ಪ್ರೆಸ್ಸಿನ ಲಿವರ್ ಎಳೆಯುವವನಿಗೆ ಮೊಳೆ ಕಚ್ಚಿದ್ದು ಕೈಗೇ ಗೊತ್ತಾಗುತ್ತದೆ. ಬಟ್ಟೆ ದಪ್ಪ ಬಂದರೆ ತಾನೇ ಸ್ವಲ್ಪ ಹೆಚ್ಚು ಒತ್ತುತ್ತಾನೆ. ಮೋಟಾರ್ ಮಷೀನು ಸೆಟ್ ಮಾಡಿದಷ್ಟೇ ಇಳಿಯುತ್ತದೆ. ಸೊಂಟಪಟ್ಟಿಯಲ್ಲಿ ನಾಲ್ಕು ಪದರ ಇದ್ದರೂ, ಮಡಿಕೆ ಸೇರಿ ಆರು ಆದರೂ ಅದರ ಲೆಕ್ಕ ಒಂದೇ. ವಾಷಿಂಗ್ ಆಗಿ ಬಂದ ಡೆನಿಮ್ ಬೇರೆ, ವಾಷಿಂಗ್‌ಗೆ ಮುಂಚಿನದು ಬೇರೆ. ಗಾಳಿಯ ಪ್ರೆಸ್ಸಿನ ಕಥೆ ಇನ್ನೊಂದು. 63 ಮಿ.ಮೀ. ಸಿಲಿಂಡರಿಗೆ 6 ಬಾರ್ ಗಾಳಿ ಇದ್ದರೆ ಸುಮಾರು 190 ಕೆ.ಜಿ. ಒತ್ತಡ, ಅದೇ ಕಂಪ್ರೆಸರಿಗೆ ಇನ್ನೆರಡು ಮಷೀನು ಜೋಡಿಸಿ 5 ಬಾರ್‌ಗೆ ಇಳಿಸಿದರೆ 160. ಬೆಳಿಗ್ಗೆ ಗಟ್ಟಿ ಕೂತ ಬಟನ್ ಮಧ್ಯಾಹ್ನ ಅಲ್ಲಾಡಿದರೆ ಡೈಯನ್ನು ಬೈಯುವ ಮುಂಚೆ ಗೇಜ್ ನೋಡಿ.

ಡೈ ಬದಲಿಸಿದ ಮೇಲೆ ಕೆಳಗಿನ ಡೈ ಮೇಲೆ ಬಿಳಿ ಕಾಗದ, ಅದರ ಮೇಲೆ ಕಾರ್ಬನ್ ಇಟ್ಟು, ಬಟನ್ ಮೊಳೆ ಎರಡೂ ಇಲ್ಲದೆ ಕೈಯಿಂದ ನಿಧಾನ ಇಳಿಸಿ. ಗುಂಡು ಗುರುತು ಸುತ್ತಲೂ ಒಂದೇ ಕಪ್ಪಿರಬೇಕು. ಒಂದು ಬದಿ ಮಾತ್ರ ಕಪ್ಪಾದರೆ ಡೈ ವಾಲಿದೆ. ಆಮೇಲೆ ಅದೇ ಲಾಟಿನ ಚೂರು ಬಟ್ಟೆಗೆ ಬಟನ್ ಹೊಡೆದು, ಹ್ಯಾಕ್ಸಾದಿಂದ ನಡುವೆ ಸೀಳಿ ನೋಡಿ. ಮೊಳೆಯ ತುದಿ ನೇರವಾಗಿ ಅಣಬೆಯ ಹಾಗೆ ಅರಳಿದ್ದರೆ ಸರಿ. ಬಾಗಿದ್ದರೆ ಮೊಳೆ ಉದ್ದವಾಯಿತು, ಇಲ್ಲವೇ ಸೆಂಟರ್ ತಪ್ಪಿದೆ. ಚೂಪು ಹಾಗೇ ಉಳಿದಿದ್ದರೆ ಮೊಳೆ ಗಿಡ್ಡ ಅಥವಾ ಒತ್ತಡ ಸಾಲದು. ಒಂದು ಬಟನ್ ಹಾಳಾಗುತ್ತದೆ ಅಂತ ಇದನ್ನು ಬಿಡುವವರೇ ಹೆಚ್ಚು. ಮಕ್ಕಳ ಪ್ಯಾಂಟ್ ಆದರೆ ಬಿಡಲೇಬೇಡಿ. ಹೊರದೇಶದ ಖರೀದಿದಾರರು ಸಾಮಾನ್ಯವಾಗಿ 90 ನ್ಯೂಟನ್, ಅಂದರೆ ಒಂಬತ್ತು ಕೆ.ಜಿ.ಗೂ ತುಸು ಹೆಚ್ಚಿನ ಎಳೆತ ತಡೆಯಬೇಕು ಅನ್ನುತ್ತಾರೆ.

ರಿವೆಟ್‌ಗೂ ಇದೇ ಮಾತು. ಅದು ಬರೀ ಶೋಕಿ ಅಂದುಕೊಂಡವರಿಗೆ ನೆನಪಿರಲಿ: 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಕಂಪನಿ ಪೇಟೆಂಟ್ ಪಡೆದದ್ದೇ ಜೇಬಿನ ಮೂಲೆ ಹರಿಯದಿರಲಿ ಅಂತ.

ಡೈ ಹಂಚಿಕೊಳ್ಳಲೇಬೇಕು ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಜೋಡಿಯಾಗಿ ಗುರುತು ಹಾಕಿಡಿ. ಒಂದರ ಮೇಲಿನದು, ಇನ್ನೊಂದರ ಕೆಳಗಿನದು ಬೆರೆಸಬೇಡಿ. ಒಂದೊಂದು ಮಷೀನಿಗೂ ಬೇಕಾದ ವಾಷರ್, ಬುಷ್ ಅದರದೇ ಡಬ್ಬಿಯಲ್ಲಿರಲಿ. ದಿನಾ ಬಿಚ್ಚಿ ಹಾಕುವ ಪರಿಸ್ಥಿತಿ ಇದ್ದರೆ ನಾನು ಎರಡನೇ ಜೋಡಿ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಕೈ ಪ್ರೆಸ್ಸನ್ನು ರಿಪೇರಿಗೆ, ಐವತ್ತು ಅರವತ್ತು ಪೀಸಿನ ಸಣ್ಣ ಲಾಟಿಗೆ ಬಿಟ್ಟುಕೊಳ್ಳಿ. ಆಟೋಮ್ಯಾಟಿಕ್‌ಗೆ ಒಮ್ಮೆ ಸೆಟ್ ಮಾಡಿದ ಡೈಯನ್ನು ಆ ಆರ್ಡರ್ ಮುಗಿಯುವವರೆಗೆ ಮುಟ್ಟಬೇಡಿ.