ಭಾಗಿಸದೆಯೇ ಅವಿಭಾಜ್ಯವೆಂದು ತಿಳಿಯುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ಸಿಕ್ಕ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. 2ರ 13,62,79,841ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅದು. ಇದನ್ನು 3, 5, 7 ಎಂದು ಭಾಗಿಸುತ್ತ ಕೂತರೆ ಯಾವ ಯಂತ್ರಕ್ಕೂ ಮುಗಿಯದ ಕೆಲಸ. ಅವಿಭಾಜ್ಯವೆಂದು ಸಾಧಿಸಿದ್ದು ಬೇರೆ ದಾರಿಯಿಂದ.

2ರ ಘಾತದಿಂದ 1 ಕಳೆದು ಸಿಗುವ ಈ ಜಾತಿಯ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂಬ ಹೆಸರು ಬಂದದ್ದು ಫ್ರಾನ್ಸಿನ ಸನ್ಯಾಸಿ ಮರಿನ್ ಮೆರ್ಸೆನ್ ಅವರಿಂದ. ಘಾತ 257ರವರೆಗೆ 2, 3, 5, 7, 13, 17, 19, 31, 67, 127, 257 ಇಷ್ಟಕ್ಕೇ ಅವಿಭಾಜ್ಯ ಸಿಗುತ್ತದೆಂದು 1644ರಲ್ಲಿ ಅವರು ಬರೆದರು. ಘಾತವೇ ಅವಿಭಾಜ್ಯವಾಗಿರಬೇಕು ಎಂಬುದು ನಿಜ, ಆದರೆ ಅಷ್ಟೇ ಸಾಲದು: ಘಾತ 11 ಆದರೆ ಸಿಗುವುದು 2047, ಅಂದರೆ 23 × 89. ಮೆರ್ಸೆನ್ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು.

1772ರಲ್ಲಿ ಗಣಿತಜ್ಞ ಆಯ್ಲರ್ 31ನೇ ಘಾತದ 2,14,74,83,647 ಅವಿಭಾಜ್ಯವೆಂದು ತೋರಿಸಿದರು. ವರ್ಗಮೂಲ 46,340ರ ಆಸುಪಾಸು. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕಿರಲಿಲ್ಲ. ಅಪವರ್ತನವಿದ್ದರೆ 248ರಿಂದ ಭಾಗಿಸಿದಾಗ ಅದು 1 ಅಥವಾ 63 ಶೇಷ ಕೊಡಲೇಬೇಕು. ಹುಡುಕಾಟ ಕಿರಿದಾಯಿತು, ಆದರೂ ಅದು ಭಾಗಾಕಾರವೇ.

ನಿಜವಾದ ತಿರುವು 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಅವರಿಂದ. 127ನೇ ಘಾತದ 39 ಅಂಕಿಯ ಸಂಖ್ಯೆಯನ್ನು ಅವರು ಕೈಲೆಕ್ಕದಲ್ಲೇ ಅವಿಭಾಜ್ಯವೆಂದು ಸಾಧಿಸಿದರು. ಆ ವಿಧಾನವನ್ನು 1930ರಲ್ಲಿ ಅಮೆರಿಕದ ಗಣಿತಜ್ಞ ಲೆಹ್ಮರ್ ಸರಳಗೊಳಿಸಿದರು. 4ರಿಂದ ಶುರು ಮಾಡಿ; ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. ಘಾತ 5ಕ್ಕೆ ಸಂಖ್ಯೆ 31: 4ರಿಂದ 14, 14ರಿಂದ 194, ಶೇಷ 8, 8ರಿಂದ 62, ಶೇಷ 0. ಮೂರೇ ಹೆಜ್ಜೆ.

ಸಂಖ್ಯೆ ಒಡೆಯುತ್ತದೆ ಎಂದು ಹೇಳುವ ಈ ಪರೀಕ್ಷೆ ಹೇಗೆ ಒಡೆಯುತ್ತದೆ ಎಂದು ಮಾತ್ರ ಹೇಳುವುದಿಲ್ಲ. ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವ ಸಂಗತಿ ಇದೇ. 67ನೇ ಘಾತದ್ದು ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲೇ ಕಂಡಿದ್ದರು. 19,37,07,721 × 7,61,83,82,57,287 ಎಂಬ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ. ಅಂತರ್ಜಾಲದ ಸಂದೇಶಗಳನ್ನು ಕಾಯಲು ಬಳಸುವ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೂ ಇದೇ ಅಂತರದ ಮೇಲೆ: ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಸುಲಭ, ಅಪವರ್ತನ ಹುಡುಕುವುದು ಕಷ್ಟ. ಅಲ್ಲಿ ಬಳಸುವುದು ಕೆಲವು ನೂರು ಅಂಕಿಗಳ ಅವಿಭಾಜ್ಯಗಳನ್ನು. ದಾಖಲೆಯ ದೈತ್ಯ ಸಂಖ್ಯೆಗಳಿಗೂ ಅದಕ್ಕೂ ಸಂಬಂಧವಿಲ್ಲ.

ಕಂಪ್ಯೂಟರಿಗೆ ಶೇಷ ತೆಗೆಯುವುದು ಸುಲಭ: ದ್ವಿಮಾನದಲ್ಲಿ ಸಂಖ್ಯೆಯ ಮೇಲಿನ ಭಾಗವನ್ನು ಕತ್ತರಿಸಿ ಕೆಳಭಾಗಕ್ಕೆ ಕೂಡಿದರೆ ಆಯಿತು. ಕಷ್ಟವಿರುವುದು ವರ್ಗ ಮಾಡುವುದರಲ್ಲಿ. ಅದಕ್ಕೆ ಬಳಸುವ ಫೂರಿಯೇ ರೂಪಾಂತರದ (ದೊಡ್ಡ ಗುಣಾಕಾರವನ್ನು ಬೇಗ ಮುಗಿಸುವ ಗಣಿತ ವಿಧಾನದ) ಲೆಕ್ಕ ದಶಮಾಂಶಗಳಲ್ಲಿ ನಡೆಯುತ್ತದೆ. ಕೊನೆಗೆ ಪೂರ್ಣಾಂಕಕ್ಕೆ ಹೊಂದಿಸುವಾಗ ದೋಷ ಅರ್ಧವನ್ನು ಮುಟ್ಟಿದರೆ ಅಂಕಿ ಕೆಡುತ್ತದೆ. 13 ಕೋಟಿಗೂ ಹೆಚ್ಚು ಹೆಜ್ಜೆಗಳಲ್ಲಿ ಒಂದು ಬಿಟ್ ತಪ್ಪಿದರೂ ಮುಂದಿನದೆಲ್ಲ ವ್ಯರ್ಥ. ಹಾಗಾಗಿ ಈಗ ಮೊದಲು ನಡೆಸುವುದು ಸಂಖ್ಯೆ ಬಹುಶಃ ಅವಿಭಾಜ್ಯ ಎಂದಷ್ಟೇ ಹೇಳುವ ಫರ್ಮಾ ಮಾದರಿಯ ಪರೀಕ್ಷೆ. ಅದರ ನಡುನಡುವೆ ಲೆಕ್ಕ ತಾಳೆ ನೋಡಿ, ತಪ್ಪಿದ್ದರೆ ಹಿಂದಿನ ಸರಿಯಾದ ಹಂತಕ್ಕೆ ಮರಳಬಹುದು. 2024ರಲ್ಲಿ ಡಬ್ಲಿನ್‌ನ ಒಂದು ಜಿಪಿಯು (ಗ್ರಾಫಿಕ್ಸ್ ಸಂಸ್ಕಾರಕ) ಅಕ್ಟೋಬರ್ 11ರಂದು ಹೀಗೆ ಸುಳಿವು ಕೊಟ್ಟಿತು; ಮರುದಿನ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಇನ್ನೊಂದು ಜಿಪಿಯುನಲ್ಲಿ ಲ್ಯೂಕಾ–ಲೆಹ್ಮರ್ ಪರೀಕ್ಷೆಯ ಕೊನೆಯ ಶೇಷ ಸೊನ್ನೆ ಬಂತು.