ನೆತ್ತಿಗೆ ಹತ್ತಿದ್ದು ಹೋಗಿದ್ದೆಲ್ಲಿಗೆ?

ನೀರು ಕುಡಿಯುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಅಂತೀವಿ. ಪಾಪ, ನೆತ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀರು ಹೋಗಿದ್ದು ಕೆಳಕ್ಕೆ, ಉಸಿರಿನ ಕೊಳವೆಗೆ. ಎಚ್ಚರವಿದ್ದಾಗ ಕೆಮ್ಮು ಅದನ್ನು ಹೊರಗೆ ದಬ್ಬುತ್ತದೆ. ನಿದ್ದೆಯಲ್ಲಿ? 1978ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಲಗಿದ್ದ ಆರೋಗ್ಯವಂತರ ಗಂಟಲಿನ ಮೇಲ್ಭಾಗಕ್ಕೆ ವಿಕಿರಣ ಸೂಸುವ ದ್ರವದ ಹನಿಗಳನ್ನು ಬಿಟ್ಟು, ಆಮೇಲೆ ಎದೆ ಸ್ಕ್ಯಾನ್ ಮಾಡಿದರು. ಸುಮಾರು ಅರ್ಧದಷ್ಟು ಜನರ ಶ್ವಾಸಕೋಶದಲ್ಲಿ ಅದು ಕಾಣಿಸಿತು. ಬಾಯಿಯ ಎಂಜಲು ಗುಟ್ಟಾಗಿ ಎದೆಗೆ ಇಳಿಯುವುದು ಕಾಯಿಲೆಯೇನಲ್ಲ, ಮಾಮೂಲಿ ಸಂಗತಿ.

ವಸಡಿನ ಕಾಯಿಲೆಗೂ ಶ್ವಾಸಕೋಶದ ಕಾಯಿಲೆಗೂ ನಂಟಿದೆ ಅಂತಾರಲ್ಲ, ಅದಕ್ಕೇ ಆ ಎಂಜಲಿನಲ್ಲಿ ಏನಿದೆ ಅನ್ನುವುದೇ ಪ್ರಶ್ನೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲೇ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಡಿ ಇಟ್ಟು ನೋಡಿದ. ಪುಟ್ಟ ಜೀವಿಗಳು ಓಡಾಡುತ್ತಿದ್ದವು! ದಿನಾ ಬೆಳಿಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕುತ್ತಿದ್ದ ಮನುಷ್ಯ ಅವನು. ವಸಡಿನ ಕಾಯಿಲೆ ಇದ್ದವರಲ್ಲಿ ಹಲ್ಲಿಗೂ ವಸಡಿಗೂ ನಡುವಿನ ಸಂದು 4 ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಆಳವಾಗಿರುತ್ತದೆ. ಗಾಳಿಯಾಡದ ಆ ಗುಂಡಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಎಂಜಲಿನ ಜೊತೆ ಎದೆಗೆ ಇಳಿಯುತ್ತವೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ಇಷ್ಟವಾದ ಕಥೆ ಒಂದು ಕತ್ತರಿಯದು.

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಹೊಟ್ಟೆಯಲ್ಲಿ ಎಲಾಸ್ಟೇಸ್ ಅನ್ನುವ ಕಿಣ್ವ ಇರುತ್ತದೆ. ಬ್ಯಾಕ್ಟೀರಿಯಾವನ್ನು ಕತ್ತರಿಸಿ ಹಾಕುವುದು ಅದರ ಕೆಲಸ. ಆದರೆ ಕತ್ತರಿಗೆ ಕಣ್ಣಿಲ್ಲ ನೋಡಿ. ವಸಡಿನಲ್ಲಿ ಅದು ಹಲ್ಲನ್ನು ಹಿಡಿದಿಟ್ಟ ನಾರುಗಳನ್ನೂ ಹರಿಯುತ್ತದೆ. ಶ್ವಾಸಕೋಶದಲ್ಲಿ ಎಲಾಸ್ಟಿನ್ ನಾರನ್ನು ಹರಿಯುತ್ತದೆ. ಎಲಾಸ್ಟಿನ್ ಅಂದರೆ ಚಡ್ಡಿಯ ಎಲಾಸ್ಟಿಕ್ ಇದ್ದ ಹಾಗೆ. ಅದು ಸಡಿಲವಾದರೆ ಹಿಗ್ಗಿದ ಗಾಳಿಚೀಲ ಮತ್ತೆ ಕುಗ್ಗುವುದಿಲ್ಲ. ಒಳಗೆ ಹೋದ ಉಸಿರು ಹೊರಗೆ ಬರಲು ಒದ್ದಾಡುತ್ತದೆ. ಬಿಗಿ ಕಳೆದುಕೊಂಡ ಹಳೇ ಬಲೂನು ಅಂದರೂ ಸರಿ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ಒಂದು ಮುಖ್ಯ ರೂಪ ಇದೇ.

ಕತ್ತರಿಗೆ ಒರೆಯೂ ಇದೆ. 1963ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಲಾರೆಲ್ ಮತ್ತು ಎರಿಕ್ಸನ್, ರಕ್ತದ ಪ್ರೋಟೀನುಗಳನ್ನು ಗೆರೆ ಗೆರೆಯಾಗಿ ಬೇರ್ಪಡಿಸಿ ನೋಡುತ್ತಿದ್ದಾಗ, ಐದು ಜನರಲ್ಲಿ ಒಂದು ಗೆರೆಯೇ ಮಾಯವಾಗಿತ್ತು. ಅವರಲ್ಲಿ ಮೂವರಿಗೆ ಗಾಳಿಚೀಲ ಹಾಳಾಗುವ ಕಾಯಿಲೆ. ಇಲ್ಲದ ಆ ಪ್ರೋಟೀನೇ ಎಲಾಸ್ಟೇಸನ್ನು ತಡೆಯುವ ಒರೆ. ಬೀಡಿ ಸಿಗರೇಟಿನ ಹೊಗೆ ಇದೇ ಒರೆಯನ್ನು ಕೆಡಿಸುತ್ತದೆ. ಸಾಲದ್ದಕ್ಕೆ, ಸಿಒಪಿಡಿ ಇರುವವರ ನ್ಯೂಟ್ರೋಫಿಲ್‌ಗಳಿಗೆ ಓಟ ಜಾಸ್ತಿ, ದಿಕ್ಕು ಗೊತ್ತಿಲ್ಲ. ಕತ್ತರಿ ಹಿಡಿದು ಸಂತೆಯಲ್ಲಿ ಓಡುವ ಹುಡುಗನ ಹಾಗೆ.

ಹಾಗಾದರೆ ವಸಡಿನಿಂದಲೇ ಸಿಒಪಿಡಿ ಬರುತ್ತದಾ? ಅಲ್ಲೇ ಎಡವುವುದು. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದು ಹೆಚ್ಚು, ನಿಜ. ಆದರೆ ಎರಡಕ್ಕೂ ಹೊಗೆ ಒಂದು ದೊಡ್ಡ ಕಾರಣ. ಮಳೆ ಬಂದಾಗ ಕೊಡೆಯೂ ಕಾಣುತ್ತದೆ, ಕೆಸರೂ ಕಾಣುತ್ತದೆ. ಕೊಡೆಯಿಂದ ಕೆಸರಾಯಿತು ಅನ್ನುತ್ತೀರಾ? ಹೊಗೆಯ ಲೆಕ್ಕ ಕಳೆದ ಮೇಲೂ ಹಲವು ಅಧ್ಯಯನಗಳಲ್ಲಿ ನಂಟು ಸ್ವಲ್ಪ ಉಳಿಯುತ್ತದೆ. ಆದರೂ ಬ್ರಷ್ ಹಿಡಿದರೆ ಸಿಒಪಿಡಿ ಓಡಿಹೋಗುತ್ತದೆ ಅನ್ನುವುದು ಸುಮ್ನೆ ಮಾತು. ಇಂಥ ಉತ್ಸಾಹಕ್ಕೆ ನಾನು ಹೆದರುತ್ತೇನೆ. ಹಲ್ಲಿನ ಸೋಂಕಿನಿಂದಲೇ ಹುಚ್ಚು ಹಿಡಿಯುತ್ತದೆ ಎಂದು ನಂಬಿ, ಹೆನ್ರಿ ಕಾಟನ್ ಎಂಬ ವೈದ್ಯ ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಟ್ರೆಂಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಹಲ್ಲು ಕೀಳಿಸಿದ. ಅದು ಸಾಲದೆ ಕೆಲವರ ಕರುಳಿಗೂ ಕೈ ಹಾಕಿದ. ಎಷ್ಟೋ ಜನ ಸತ್ತರು.

ಇನ್ನೊಂದು ತುದಿಯಲ್ಲಿ, ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವವರಿದ್ದಾರೆ. ಸಡಿಲವಾಗಿದ್ದು ಮೊದಲೇ, ಗಟ್ಟಿ ಕಟ್ಟಿದ ಕಿಟ್ಟ ತೆಗೆದಾಗ ಗೊತ್ತಾಗುತ್ತದೆ, ಅಷ್ಟೇ. ವಸಡಲ್ಲಿ ರಕ್ತ ಬಂತೆಂದು ಬ್ರಷ್ ಮಾಡುವುದನ್ನೇ ಬಿಡುವವರೂ ಉಂಟು. ರಕ್ತ ಬರುವುದೇ ಪಾಚಿ ಕೂತಿದ್ದಕ್ಕೆ ಅಲ್ವಾ?

ಹೊಗೆ ಸೇದುವವರ ವಸಡು ಇಲ್ಲೂ ಮೋಸ ಮಾಡುತ್ತದೆ. ಒಳಗೆ ಮೂಳೆ ಸವೆಯುತ್ತಿದ್ದರೂ ಅಷ್ಟಾಗಿ ರಕ್ತ ಬರುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ಸಿಗರೇಟು ಬಿಟ್ಟ ಕೆಲವು ವಾರಗಳಲ್ಲಿ ಬ್ರಷ್ ಮಾಡುವಾಗ ರಕ್ತ ಜಾಸ್ತಿ ಕಾಣಿಸಬಹುದು. ‘ಬಿಟ್ಟಿದ್ದಕ್ಕೇ ಹೀಗಾಯ್ತು’ ಎಂದು ಮತ್ತೆ ಹಚ್ಚಬೇಡಿ. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ವಸಡು ಈಗ ದೂರು ಕೊಡುತ್ತಿದೆ.