ತಟ್ಟೆ ಬಡಿದು ಕಿವಿ ಪರೀಕ್ಷಿಸುವವರಿಗೆ

ಹಾಸನದಲ್ಲಿ ವಾಕ್ ಮತ್ತು ಶ್ರವಣ ತಜ್ಞೆಯಾಗಿರುವ ನನ್ನ ಬಳಿಗೆ, ಮೂರು ವರ್ಷವಾದರೂ ಮಾತು ಬಾರದ ಮಕ್ಕಳನ್ನು ಕರೆತರುವ ಹಿರಿಯರಲ್ಲಿ ಹೆಚ್ಚಿನವರು, ಶ್ರವಣ ಪರೀಕ್ಷೆಯ ಹೆಸರೆತ್ತಿದೊಡನೆ ಒಂದೇ ಉತ್ತರ ಕೊಡುತ್ತಾರೆ: “ಕಿವಿಗೇನೂ ಆಗಿಲ್ಲ ಮೇಡಂ, ತಟ್ಟೆ ಬಡಿದರೆ ತಿರುಗಿ ನೋಡ್ತಾನೆ.” ಅಷ್ಟರಲ್ಲಾಗಲೇ ನಾಲಿಗೆಗೆ ಬಜೆ ತೇಯ್ದು ಹಚ್ಚಿ, “ಅವರಪ್ಪನಿಗೂ ಮಾತು ತಡವಾಗಿಯೇ ಬಂತು” ಎಂದು ಒಂದೂವರೆ ವರ್ಷ ಕಾದಿರುತ್ತಾರೆ.

ಸದ್ದು ಕೇಳುವುದು ಬೇರೆ, ಮಾತು ಕೇಳುವುದು ಬೇರೆ. ನಾವಾಡುವ ಮಾತು ಸುಮಾರು 60 ಡೆಸಿಬಲ್‌ನಷ್ಟಿದ್ದರೆ ಸ್ಟೀಲ್ ತಟ್ಟೆಯ ಬಡಿತ ಅದಕ್ಕಿಂತ ಎಷ್ಟೋ ಜೋರು. ಅಲ್ಲದೆ ಮಾತಿನೊಳಗೂ ಎಲ್ಲ ಅಕ್ಷರಗಳಿಗೆ ಒಂದೇ ಬಲವಿಲ್ಲ: ‘ಆ’, ‘ಉ’ಗಳಂಥ ಸ್ವರಗಳು ತಗ್ಗಿನ ಕಂಪನದವು, ಗಟ್ಟಿ, ‘ಸ’ಕಾರದ ಸದ್ದು ಹೆಚ್ಚಾಗಿ 4000 ಹರ್ಟ್ಜ್‌ಗೂ ಮೇಲಿನದು, ಬಲು ತೆಳು. ಆ ಮೇಲಿನ ಭಾಗವಷ್ಟೇ ಕೇಳದ ಮಗು ಟ್ರ್ಯಾಕ್ಟರಿಗೆ ಹೊರಗೋಡುತ್ತದೆ, ಬಾಗಿಲು ಬಡಿದರೆ ಬೆಚ್ಚುತ್ತದೆ, ಹೆಸರು ಕೂಗಿದರೂ ತಿರುಗಬಹುದು. ಆದರೆ ಊಟಕ್ಕೆ ಕೂತಾಗ ತಾಯಿ ಹೇಳುವ ‘ಸಾಕು’ ಮತ್ತು ‘ಹಾಕು’ ಎರಡೂ ಅದಕ್ಕೆ ‘ಆಕು’ ಎಂದೇ ಕೇಳಿಸಿ, ಕೊನೆಗೆ ಮನೆಯವರಿಂದ ಹಠಮಾರಿ ಎನಿಸಿಕೊಳ್ಳುತ್ತದೆ. ತಟ್ಟೆಯನ್ನು ಮಗುವಿನ ಕಣ್ಣಿಗೆ ಬೀಳುವಂತೆ ಹಿಡಿದು ಬಡಿಯುವವರ ವಿಷಯವನ್ನು ನಾನು ಎತ್ತುವುದೇ ಇಲ್ಲ.

ಸಕಲೇಶಪುರದ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ ಬಂದ ಅಜ್ಜಿಯೊಬ್ಬರು ನನ್ನೆದುರೇ ಚೀಲದಿಂದ ತಟ್ಟೆ ತೆಗೆದು ಬಡಿದು ತೋರಿಸಿದರು. ಮೊಮ್ಮಗ ತಿರುಗಿದ. ನಾನು ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ‘ಸ್ ಸ್’ ಎಂದೆ. ಅವನು ಆಟದ ಕಾರು ಉರುಳಿಸುತ್ತಲೇ ಇದ್ದ. ಅಜ್ಜಿ ತಟ್ಟೆಯನ್ನು ಚೀಲಕ್ಕೆ ಸೇರಿಸಿದರು.

ಖಚಿತವಾಗಿ ತಿಳಿಯಲು ಮಗು ನಿದ್ರಿಸುವಾಗ ತಲೆಗೆ ತಂತಿಗಳನ್ನು ಅಂಟಿಸಿ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ‘ಬೇರಾ’ (BERA) ಎಂಬ ಪರೀಕ್ಷೆ ಬೇಕು. ಅದರಲ್ಲಿ ಸೂಜಿಯಿಲ್ಲ, ನವಜಾತ ಶಿಶುವಿಗೂ ಮಾಡಬಹುದು. ನಮ್ಮ ಕಡೆಯ ತೊಂದರೆಯೇ ಬೇರೆ: ಮಕ್ಕಳೆಲ್ಲ ಬಸ್ಸಿನಲ್ಲಿ ಸೊಗಸಾಗಿ ಮಲಗಿ, ಹಾಸನದ ನಿಲ್ದಾಣದಲ್ಲಿ ಎಚ್ಚರಗೊಳ್ಳುತ್ತಾರೆ. ದಯವಿಟ್ಟು ದಾರಿಯಲ್ಲಿ ಮಲಗಿಸಬೇಡಿ.

ಮಾತು ತಡವಾದ ಮಕ್ಕಳಿಗೆಲ್ಲ ಕಿವಿಯ ದೋಷವೇ ಇರುತ್ತದೆಂದು ನಾನು ಹೇಳುತ್ತಿಲ್ಲ. ಆಟಿಸಂ ಇರಬಹುದು, ಬುದ್ಧಿ ಬೆಳವಣಿಗೆಯ ನಿಧಾನವಿರಬಹುದು, ಕೆಲವು ಮಕ್ಕಳು ತಾವಾಗಿಯೇ ಮಾತು ಹಿಡಿಯುವುದೂ ಉಂಟು. ಯಾವುದೆಂದು ಮಗುವನ್ನು ನೋಡದೆ ಹೇಳಲಾಗದು. ನೋಡುವಾಗ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳ ಜೋಡಣೆ ಇಲ್ಲದಿದ್ದರೆ ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ತಪಾಸಣೆಗೆ ಬರುವ ದಿನ, “ಇವನಿಗೆ ಮಾತಿಲ್ಲ, ಕರೆದೊಯ್ದರೆ ಅವಮಾನ” ಎಂದು ಅದೇ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವ ತಾಯಂದಿರನ್ನು ನಾನು ಬಲ್ಲೆ. ಸಿಟ್ಟೂ ಬರುತ್ತದೆ, ಅವರ ಮುಖ ಕಂಡರೆ ಬೈಯಲೂ ಆಗುವುದಿಲ್ಲ.

ತಟ್ಟೆ ತಂದಿದ್ದ ಆ ಅಜ್ಜಿಯ ಮೊಮ್ಮಗನಿಗೆ ಶ್ರವಣ ಸಾಧನ ಹಾಕಿ ಎಂಟು ತಿಂಗಳಾಯಿತು. ಮೊದಲ ವಾರಗಳಲ್ಲಿ ಕಿತ್ತೆಸೆಯುತ್ತಿದ್ದವನು ಈಗ ಬೆಳಿಗ್ಗೆ ತಾನೇ ಕೇಳಿ ಹಾಕಿಸಿಕೊಳ್ಳುತ್ತಾನಂತೆ. ತಟ್ಟೆಯ ಮೇಲೆ ಕೈಯಡ್ಡ ಹಿಡಿದು “ತಾಕು” ಎನ್ನುತ್ತಾನೆ. ‘ಸ’ಕಾರ ಬರಲಿಲ್ಲವೆಂದು ಅಜ್ಜಿಗೆ ಚಿಂತೆ, ಕಿವಿ ಸರಿಯಿರುವ ಮಕ್ಕಳಲ್ಲೂ ಅದು ತಡವಾಗಿಯೇ ಬರುತ್ತದೆಂದು ಈ ಸಲ ನಾನೇ ಅವರಿಗೆ ಕಾಯಲು ಹೇಳಿದ್ದೇನೆ.